ಸಮುದ್ರ ದಾಟಿದ ಮೂರು ವಿಮಾನಗಳು

ಸ್ವಂತ ಖುಷಿಗೆ ವಿಮಾನ ಹಾರಿಸುವ ಜನ ಇದ್ದಾರೆ ಎಂದರೆ ನಮ್ಮ ಕಡೆಯವರು ಈಗಲೂ ಪೂರ್ತಿ ನಂಬುವುದಿಲ್ಲ. ಕುದೇರಿನ ನನ್ನ ಸೋದರತ್ತೆ ಕೊನೆಯವರೆಗೂ ನನಗೆ ಏರ್‌ಪೋರ್ಟಿನಲ್ಲಿ ಟಿಕೆಟ್ ಕೊಡುವ ಕೆಲಸ ಎಂದೇ ತಿಳಿದಿದ್ದರು. ನಾನೇ ಹಾರಿಸುತ್ತೇನೆ ಎಂದು ಹೇಳಿದರೆ, "ನೀನೇ ಓಡ್ಸದಾದ್ರೆ ಅಲ್ಲಿ ಡ್ರೈವರ್ ಯಾಕವ್ವ ಇರ್ತಾನೆ?" ಎನ್ನುತ್ತಿದ್ದರು.

ಹಾರಾಟ ಕಲಿಸುವುದೇ ನನ್ನ ಉದ್ಯೋಗವಾಗಿತ್ತು. ಕಾಲೇಜಿನಲ್ಲಿದ್ದಾಗ ಒಮ್ಮೆ ಎಂಜಿನ್ ಇಲ್ಲದ ಗ್ಲೈಡರ್ ಹತ್ತಿ ಹಿಡಿದ ಹುಚ್ಚು ಮೈಸೂರಿನಲ್ಲಿ ನನ್ನನ್ನು ಬೋಧಕಿಯಾಗಿ ನಿಲ್ಲಿಸಿತು. ಕಲಿಯಲು ಬರುತ್ತಿದ್ದವರು ಬಹುಪಾಲು ಕಂಪನಿ ಪೈಲಟ್ ಆಗಬೇಕೆನ್ನುವ ಹುಡುಗರು. ನಡುವೆ ಒಬ್ಬಿಬ್ಬರು ವಯಸ್ಸಾದವರು ಬರುತ್ತಿದ್ದರು. ಅವರಿಗೆ ಕೆಲಸ ಬೇಕಿರಲಿಲ್ಲ, ಮೇಲೆ ಹೋಗಬೇಕಿತ್ತು, ಅಷ್ಟೇ. ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ ಅಂಥವರಲ್ಲೊಬ್ಬರು. ಐವತ್ತು ದಾಟಿದ ಮೇಲೆ ಕಲಿಯಲು ಬಂದವರು. ಹಣೆಯ ವಿಭೂತಿ ಅಳಿಸದ ಹಾಗೆ ಹೆಡ್‌ಫೋನನ್ನು ಹಿಂದಿನಿಂದ ಏರಿಸಿಕೊಳ್ಳುತ್ತಿದ್ದರು. ಇಳಿಯುವಾಗ ಚಕ್ರ ನೆಲ ಮುಟ್ಟುವವರೆಗೂ ಉಸಿರು ಬಿಡುತ್ತಿರಲಿಲ್ಲ. ಅದೊಂದನ್ನು ಬಿಡಿಸಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಶ್ರೀಲಂಕಾದ ಮಾತು ಎತ್ತಿದವರೂ ಅವರೇ. ಒಂದು ಭಾನುವಾರ ಹ್ಯಾಂಗರಿನ ನೆರಳಲ್ಲಿ ಟೀ ಕುಡಿಯುತ್ತಿದ್ದೆವು.

"ಮೇಡಂ, ನಾವೆಲ್ಲ ಸೇರ್ಕೊಂಡು ಸಿಲೋನ್‌ಗೆ ಓಗನ. ನೀವು ಮುಂದೆ ನಡೀರಿ, ನಾವು ಇಂದೆ ಬತ್ತೀವಿ."

ಹೊಲ ನೋಡಿ ಬರೋಣ ಎನ್ನುವ ಹಾಗೆ ಹೇಳಿದರು. ಪಕ್ಕದಲ್ಲಿದ್ದ ಮೈಸೂರಿನ ಕಣ್ಣಿನ ಡಾಕ್ಟರು ನಕ್ಕರು, ಆಮೇಲೆ ನಗು ನಿಲ್ಲಿಸಿ ಫೋನಿನಲ್ಲಿ ನಕ್ಷೆ ತೆರೆದರು. ವ್ಯಾಪಾರಿಯ ಹಾಗೆ ಅವರಿಗೂ ಸ್ವಂತದ್ದೊಂದು ಪುಟ್ಟ ವಿಮಾನವಿತ್ತು. ಎರಡು ದೇಶಗಳ ಅನುಮತಿ, ಕಸ್ಟಮ್ಸು, ವಿಮೆ ಎಂದು ನಾನು ಓಡಾಡುವಷ್ಟರಲ್ಲಿ ಮಳೆಗಾಲ ಮುಗಿದು ಚಳಿಗಾಲವೂ ಮುಗಿಯುತ್ತ ಬಂತು.

ಕಡಲಿನ ಮೇಲೆ ಹಾರುವವರು ನೀರಿಗೆ ಬಿದ್ದರೆ ಏನು ಮಾಡಬೇಕೆಂದು ಕಲಿತಿರಬೇಕು. ವ್ಯಾಪಾರಿಯ ತೋಟದ ಕೃಷಿಹೊಂಡದಲ್ಲೇ ಅಭ್ಯಾಸ ಇಟ್ಟುಕೊಂಡೆವು. ಹಳದಿ ಲೈಫ್ ಜಾಕೆಟ್ ತೊಟ್ಟು ದೊಡ್ಡವರೆಲ್ಲ ಹೊಂಡಕ್ಕೆ ಧುಮುಕುವುದನ್ನು ನೋಡಲು ಪಕ್ಕದ ತೋಟದ ಆಳುಗಳು ಬದುವಿನ ಮೇಲೆ ಸಾಲಾಗಿ ಕೂತಿದ್ದರು. ವ್ಯಾಪಾರಿಯ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಅಲ್ಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಾಕೆಟ್ ಕಟ್ಟಿಕೊಂಡು, ಯಾರೂ ಹೇಳುವ ಮುಂಚೆಯೇ ನೀರಿಗಿಳಿದರು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಆಗಷ್ಟೇ ನಿವೃತ್ತರಾಗಿದ್ದರು.

"ನೀವೂ ಬರ್ತೀರಾ?" ಎಂದೆ.

"ನಾನು ಬರ್ದಲೆ ಇನ್ನಾರು ಬತ್ತಾರೆ ಮೇಡಂ? ನಾನು ಉಟ್ಟಿದ್ದೇ ಅಲ್ಲಿ."

ಒದ್ದೆ ತಲೆ ಒರೆಸಿಕೊಳ್ಳುತ್ತ ಹೊಂಡದ ದಡದಲ್ಲಿ ಕೂತು ಹೇಳಿದರು. ಅವರ ತಾತನ ಕಾಲಕ್ಕೇ ಅವರ ಜನ ತಮಿಳು ಸೀಮೆಯಿಂದ ಟೀ ತೋಟದ ಕೆಲಸಕ್ಕೆ ಸಿಲೋನಿಗೆ ಹೋಗಿದ್ದರು. ಇವರು ಚಿಕ್ಕ ಹುಡುಗಿಯಾಗಿದ್ದಾಗ ಎರಡು ಸರಕಾರಗಳ ಒಪ್ಪಂದದ ಮೇಲೆ ಅಲ್ಲಿಂದ ವಾಪಸು ಕಳಿಸಿದವರ ಜೊತೆ ಹಡಗಿನಲ್ಲಿ ಬಂದಿಳಿದರು. ಗೂಡಲೂರಿನ ಹತ್ತಿರ ಮತ್ತೆ ಟೀ ತೋಟ, ಮತ್ತೆ ಅದೇ ಕೆಲಸ. ಶಾಲೆ ಓದಿ, ನರ್ಸಿಂಗ್ ಮಾಡಿ, ಗುಂಡ್ಲುಪೇಟೆಗೆ ಬಂದರು. ಅಲ್ಲಿ ಕೈ ಮುರಿದುಕೊಂಡು ಆಸ್ಪತ್ರೆಗೆ ಬಂದ ಅರಿಶಿನ ಮಂಡಿಯ ಹುಡುಗ ಕಟ್ಟು ಬಿಚ್ಚಿದ ಮೇಲೂ ಬರುತ್ತಲೇ ಇದ್ದ. ಗಂಡನ ಮನೆಯವರು ಇವರ ಕೈಯ ನೀರು ಕುಡಿಯಲು ಬಹಳ ವರ್ಷ ಹಿಡಿಯಿತಂತೆ.

ಅಲ್ಲಿ ಕೂಲಿಯವರು ಇರುತ್ತಿದ್ದ ಸಾಲು ಕೋಣೆಗಳಿಗೆ 'ಲಯ' ಅನ್ನುತ್ತಿದ್ದರಂತೆ. ತಮ್ಮ ಲಯದ ಬಾಗಿಲಲ್ಲಿ ನಿಂತರೆ ಕೆಳಗೆ ಕೆರೆ, ಅದರಾಚೆ ಬೆಟ್ಟದ ಸಂದಿನಲ್ಲಿ ಬಿಳೀ ದಾರದಂಥ ಜಲಪಾತ. "ಅದಷ್ಟನ್ನ ಒಂದ್ಸಲ ಮೇಲಿಂದ ನೋಡ್ಬುಟ್ರೆ ಸಾಕು," ಎಂದರು. ಯಾಕೆ ಮೇಲಿನಿಂದಲೇ ಎಂದು ಕೇಳಿದೆ. "ಕೆಳಗೆ ಓದ್ರೆ ಯಾರ್ ಮನೆ ಬಾಗ್ಲಿಗೆ ಅಂತ ಓಗದು?"

ಫೆಬ್ರವರಿಯ ಒಂದು ಬೆಳಗ್ಗೆ ಮೈಸೂರಿನಿಂದ ಹೊರಟೆವು. ಮುಂದೆ ನಾನು, ನನ್ನ ಹಿಂದೆ ವ್ಯಾಪಾರಿ ಮತ್ತು ಅವರ ಹೆಂಡತಿ, ಕೊನೆಗೆ ಡಾಕ್ಟರು. ಗುಂಪನ್ನು ಕರೆದೊಯ್ಯುವವರಿಗೆ ಒಂದು ಕ್ಷಣವಿರುತ್ತದೆ. ನಾವು ಮೇಲೇರಿ ತಿರುಗುತ್ತಿರುವಾಗ ಹಿಂದಿನವರು ಒಬ್ಬೊಬ್ಬರಾಗಿ ರೇಡಿಯೋದಲ್ಲಿ 'ಎರಡು ಮೇಲೆದ್ದಿದೆ', 'ಮೂರು ಮೇಲೆದ್ದಿದೆ' ಎಂದು ಹೇಳುತ್ತಾರೆ. ಆಮೇಲಷ್ಟೇ ಬೆನ್ನು ಸೀಟಿಗೆ ಒರಗುತ್ತದೆ. ಕೊಯಮತ್ತೂರಿನ ಕಡೆಗೆ ನಮ್ಮ ದಾರಿ ತೆರಕಣಾಂಬಿಯ ಮೇಲೆ ಹಾಯುತ್ತಿತ್ತು. ಎಡಕ್ಕೆ ಚಾಮರಾಜನಗರ, ಬಲಕ್ಕೆ ಗುಂಡ್ಲುಪೇಟೆ, ಮುಂದೆ ನೀಲಗಿರಿ. ಅರಿಶಿನ ಒಣಗಿಸುವ ಕಾಲ. ಊರೂರಿನ ಅಂಚಿನಲ್ಲಿ ಹಳದಿ ಚೌಕಗಳು.

"ಮೇಡಂ, ನಮ್ಮ ಕಣ ಕಾಣ್ತಾ ಅದೆ. ಆಳುಗಳು ಇನ್ನೂ ಬಂದಿಲ್ಲ ಕಣ್ರೀ," ಎಂದು ವ್ಯಾಪಾರಿಯ ದನಿ ಬಂತು.

"ರೇಡಿಯೋದಲ್ಲಿ ಕೂಲಿ ಲೆಕ್ಕ ಬೇಡ ಸ್ವಾಮಿ," ಎಂದರು ಡಾಕ್ಟರು.

ತಿರುಚ್ಚಿಯಲ್ಲಿ ಉಳಿದು, ಮಾರನೆಯ ದಿನ ಜಾಫ್ನಾಕ್ಕೆ ಹೊರಟೆವು. ಒಂಟಿ ಎಂಜಿನ್ನಿನ ವಿಮಾನ ದಡ ಬಿಟ್ಟು ಕಡಲಿನ ಮೇಲೆ ಹೋದ ಕೂಡಲೇ ಪೈಲಟ್‌ಗಳ ಕಿವಿ ಚುರುಕಾಗುತ್ತದೆ. ಅಲ್ಲಿಯವರೆಗೆ ಕೇಳದಿದ್ದ ಸದ್ದುಗಳೆಲ್ಲ ಎಂಜಿನ್ನಿನಿಂದ ಕೇಳತೊಡಗುತ್ತವೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಡಾಕ್ಟರ ದನಿ ಬಿಗಿಯಾಯಿತು. ಎಂಜಿನ್ ಸರಿ ಓಡುತ್ತಿಲ್ಲ ಎಂದರು. ಆಯಿಲ್ ಎಷ್ಟು, ಬಿಸಿ ಎಷ್ಟು ಎಂದು ಒಂದೊಂದಾಗಿ ಕೇಳಿದೆ. ಎಲ್ಲ ಸರಿಯಾಗಿತ್ತು.

"ಕೆಳಗೆ ನೀರಿರೋದು ನಿಮಗೆ ಗೊತ್ತು, ನಿಮ್ಮ ಎಂಜಿನ್ನಿಗೆ ಗೊತ್ತಿಲ್ಲ ಡಾಕ್ಟ್ರೇ. ನನ್ನ ಬಾಲ ನೋಡ್ಕೊಂಡು ಬನ್ನಿ," ಎಂದೆ.

ಹಾಗೆ ಹೇಳುವಾಗ ನನ್ನ ಎಂಜಿನ್ನೂ ಗೊರಗೊರ ಅನ್ನುತ್ತಿರುವಂತೆ ನನಗೇ ಅನಿಸುತ್ತಿತ್ತು. ನೀರು ತಿಳಿಹಸಿರಾಗಿತ್ತು, ಎಷ್ಟು ಆಳ ಕಡಿಮೆಯೆಂದರೆ ಕೆಳಗಿನ ಮರಳು ಕಾಣುತ್ತಿತ್ತು. ಆಚೆ ದಡದ ತಾಳೆಮರಗಳು ಕಂಡವು. ಆಮೇಲೆ ವ್ಯಾಪಾರಿಯ ಹೆಂಡತಿ ಗಂಡನ ಮೈಕಿನಲ್ಲೇ, "ಬಂದ್ಬುಟ್ವಾ?" ಎಂದು ಕೇಳಿದ್ದು ಕೇಳಿಸಿತು.

ಜಾಫ್ನಾದಲ್ಲಿ ಇಳಿದು ಕಾಗದಪತ್ರ ಮುಗಿಸಿ, ಕೊಲಂಬೊ ಪಕ್ಕದ ಹಳೆಯ ವಿಮಾನ ನಿಲ್ದಾಣಕ್ಕೆ ಹೋಗಿ ಇಳಿದೆವು. ಅಲ್ಲಿಂದ ಬೆಟ್ಟದ ಸೀಮೆಗೆ ಹೋಗಿ ಸುತ್ತಿ ಬರುವ ಹಾರಾಟ ಮಾರನೆಯ ದಿನಕ್ಕೆ ಗೊತ್ತಾಗಿತ್ತು. ಬೆಳಿಗ್ಗೆಯೇ ಹೊರಟರೆ ಬೆಟ್ಟ ತಿಳಿಯಾಗಿರುತ್ತದೆ, ಹೊತ್ತೇರಿದರೆ ಮೋಡ ಕಟ್ಟುತ್ತದೆ ಎಂದು ಅಲ್ಲಿನವರು ಹೇಳಿದ್ದರು. ಆದರೆ ಆ ಬೆಳಿಗ್ಗೆ ನಮ್ಮ ಅನುಮತಿ ಎಲ್ಲೋ ಸಿಕ್ಕಿಹಾಕಿಕೊಂಡಿತು. ವ್ಯಾಪಾರಿಯ ಹೆಂಡತಿ ಸಣ್ಣಂಚಿನ ಹೊಸ ಸೀರೆ ಉಟ್ಟು, ವಿಮಾನದ ರೆಕ್ಕೆಯ ನೆರಳಿನಲ್ಲಿ ಕೂತು ಕಾದರು. ನಾವು ಮೇಲೇಳುವಾಗ ಸೂರ್ಯ ನೆತ್ತಿಗೆ ಬರುತ್ತಿದ್ದ.

ಬಯಲು ಮುಗಿದು ರಬ್ಬರ್ ತೋಟ ಬಂತು, ಬೆಟ್ಟದ ಬುಡ ಬಂತು. ಅದರ ಮೇಲೆ ಮೋಡ ಹತ್ತಿಯ ಮೂಟೆಗಳನ್ನು ಪೇರಿಸಿದ ಹಾಗೆ ಕೂತಿತ್ತು. ಕಣಿವೆಯ ಬಾಯಿ ಇನ್ನೂ ತೆರೆದಿತ್ತು. ಒಳಗೆ ಒಂದಷ್ಟು ದೂರ ಕಾಣುತ್ತಿತ್ತು. ಒಂದು ಜಲಪಾತದ ತುಂಡು, ಹಸಿರು ಇಳಿಜಾರು, ಕೆರೆಯ ಒಂದು ಮೂಲೆ. ನೋಡುತ್ತಿದ್ದಂತೆಯೇ ಮೂಲೆ ಮುಚ್ಚಿತು. ಅಂಥ ಕಣಿವೆಯೊಳಗೆ ಹೊಕ್ಕರೆ ಹಿಂದಿನ ಬಾಗಿಲೂ ಮುಚ್ಚಿಕೊಳ್ಳುತ್ತದೆ. ತಿರುಗಲು ಜಾಗವಿರುವುದಿಲ್ಲ. ನಾನು ಎಡಕ್ಕೆ ವಾಲಿಸಿ, "ಎಲ್ಲರೂ ವಾಪಸ್," ಎಂದೆ.

ಎರಡನೆಯ ವಿಮಾನದಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಹೇಳಿದೆ. ಆಮೇಲೆ ವ್ಯಾಪಾರಿಯದಲ್ಲ, ಆಕೆಯ ದನಿ ಬಂತು. "ತಿರುಗ್ತಾ ಅವ್ರೆ ಮೇಡಂ."

ಇಳಿದ ಮೇಲೆ ವ್ಯಾಪಾರಿ ನನ್ನ ಮುಂದೆ ಬಂದು ನಿಂತರು. ಅಷ್ಟು ವರ್ಷದಲ್ಲಿ ಅವರ ಸಿಟ್ಟನ್ನು ನಾನು ನೋಡಿರಲಿಲ್ಲ.

"ಸಂದು ಕಾಣ್ತಿತ್ತು ಮೇಡಂ. ಐದು ನಿಮಿಷ ಒಳಕ್ಕೋಗಿ ಬರಬೋದಾಗಿತ್ತು."

"ಒಳಕ್ಕೆ ಹೋಗಬಹುದಾಗಿತ್ತು," ಎಂದೆ.

"ನಾಳೆ ನಾನೊಬ್ಬನೇ ಓಯ್ತೀನಿ."

"ನಾಳೆ ನಮ್ಮ ವಾಪಸ್ ಅನುಮತಿ ಶುರುವಾಗುತ್ತೆ. ಬೆಟ್ಟದ ಕಡೆಗೆ ಇನ್ನೊಂದು ಸಿಗಲ್ಲ. ಸಿಕ್ಕಿದರೂ ಒಬ್ಬರನ್ನೇ ಕಳಿಸಲ್ಲ."

ಅವರು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ಇಮಾನ ಕಲ್ತಿದ್ದೇ ಇವಳಿಗೋಸ್ಕರ ಮೇಡಂ. ಅದೊಂದು ಕೆರೆ ತೋರ್ಸಕ್ಕೆ."

ಪಕ್ಕದಲ್ಲೇ ಇದ್ದ ಆಕೆ ಗಂಡನ ಮುಖ ನೋಡಿದರು. "ಕಲೀರಿ ಅಂತ ನಾನ್ಯಾವಾಗ ಕೇಳ್ದೆ? ನಿಮಗೆ ಆರ್ಬೇಕು ಅಂತಿತ್ತು, ಆರುದ್ರಿ." ಆಮೇಲೆ ಅವರ ತೋಳು ಮುಟ್ಟಿ, "ಕಾರ್ ಮಾಡಿ. ಓಗ್ಬುಟ್ಟು ಬರನ," ಎಂದರು.

ವಾಪಸಾಗುವುದನ್ನು ಒಂದು ದಿನ ಮುಂದೂಡಿ ಮಾರನೆಯ ಬೆಳಿಗ್ಗೆ ಅವರಿಬ್ಬರು ಮತ್ತು ನಾನು ಕಾರಿನಲ್ಲಿ ಹೊರಟೆವು. ಡಾಕ್ಟರು ವಿಮಾನಗಳ ಹತ್ತಿರ ಉಳಿದರು. ದಾರಿ ಸುತ್ತಿ ಸುತ್ತಿ ಏರಿತು. ಆಕೆಗೆ ತೋಟದ ಹೆಸರು ನೆನಪಿತ್ತು, ಅದು ಇನ್ನೂ ಬೋರ್ಡಿನ ಮೇಲಿತ್ತು. ಕಾರು ನಿಲ್ಲಿಸಿ ಮೆಟ್ಟಿಲು ದಾರಿಯಲ್ಲಿ ನಡೆದೆವು. ಕೆರೆ ಕಂಡಿತು. ಆಕೆ ನಿಂತು ನೋಡಿ, "ಇಷ್ಟೇನಾ ಇದು," ಎಂದರು, ಸಣ್ಣ ದನಿಯಲ್ಲಿ.

ಲಯ ಇರಲಿಲ್ಲ. ಗುಡ್ಡ ಕುಸಿಯುವ ಭಯಕ್ಕೆ ಅದನ್ನು ಕೆಡವಿ, ಜನರನ್ನು ಮೇಲಿನ ದಿಣ್ಣೆಯ ಬಿಡಿ ಮನೆಗಳಿಗೆ ಕಳಿಸಿದ್ದರು. ಹಳೇ ಜಾಗದಲ್ಲಿ ಹುಲ್ಲು, ಒಂದಿಷ್ಟು ಕಲ್ಲು, ಒಂದು ಸೀಬೆ ಮರ. ಆಕೆ ಚಪ್ಪಲಿ ಬಿಟ್ಟು ಆ ಹುಲ್ಲಿನಲ್ಲಿ ಅತ್ತಿತ್ತ ನಡೆದರು. ಒಂದು ಕಡೆ ನಿಂತು ಕೆರೆಯ ಕಡೆ ಮುಖ ಮಾಡಿದರು. ಸರಿಹೋಗಲಿಲ್ಲವೆಂದು ಕಾಣುತ್ತದೆ, ಸ್ವಲ್ಪ ಸರಿದು ಮತ್ತೆ ನಿಂತರು. ವ್ಯಾಪಾರಿ ಮರದ ಕೆಳಗೆ ಕೈಕಟ್ಟಿ ನಿಂತಿದ್ದರು, ಹತ್ತಿರ ಹೋಗಲಿಲ್ಲ.

ಬುಟ್ಟಿ ಬೆನ್ನಿಗೆ ಹಾಕಿಕೊಂಡು ಟೀ ಸೊಪ್ಪು ಕೀಳುತ್ತಿದ್ದ ಒಬ್ಬ ಹೆಂಗಸು ಮೇಲಿನಿಂದ ಇಳಿದು ಬಂದು ತಮಿಳಿನಲ್ಲಿ, ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ನಮ್ಮ ಸೀಮೆಯವರಿಗೆ ಅಷ್ಟು ತಮಿಳು ತಿಳಿಯುತ್ತದೆ. ವ್ಯಾಪಾರಿಯ ಹೆಂಡತಿ ತಮಿಳಿನಲ್ಲೇ, ಯಾರನ್ನೂ ಇಲ್ಲ, ಸುಮ್ಮನೆ ಬಂದೆವು ಎಂದರು. ಯಾವ ಊರು ಎಂದಳು ಅವಳು. ಗುಂಡ್ಲುಪೇಟೆ. ಅವಳು ಆ ಹೆಸರನ್ನೇ ಕೇಳಿರಲಿಲ್ಲ.

ಆಗ ವ್ಯಾಪಾರಿಯ ಹೆಂಡತಿ ಒಂದು ಕಲ್ಲಿನ ಮೇಲೆ ಕೂತು ಆ ಹೆಂಗಸಿಗೆ ಗುಂಡ್ಲುಪೇಟೆ ಎಂಥ ಊರೆಂದು ಹೇಳತೊಡಗಿದರು. ಚೆಂಡು ಹೂವಿನ ಹೊಲ ಅರಳಿದಾಗ ಕೇರಳದಿಂದ ಜನ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುವುದು, ಅರಿಶಿನ ಬೇಯಿಸುವಾಗ ಸೀರೆಗೆಲ್ಲ ಹಿಡಿಯುವ ವಾಸನೆ, ಬೆಳಗಿನ ಹೊತ್ತು ರಸ್ತೆ ದಾಟುವ ಆನೆ, ಆಸ್ಪತ್ರೆಯ ಹಿಂದಿನ ಹೋಟೆಲಿನ ದೋಸೆ. 'ನಮ್ಮ ಊರು' ಎಂದು ಮತ್ತೆ ಮತ್ತೆ ಹೇಳಿದರು. ಹೊರಟು ಇನ್ನೂ ನಾಲ್ಕೈದು ದಿನವಾಗಿತ್ತಷ್ಟೇ, ವರ್ಷಗಟ್ಟಲೆ ನೋಡದವರ ಹಾಗೆ ಹೇಳುತ್ತಿದ್ದರು. ಕಣ್ಣು ತುಂಬಿಕೊಂಡದ್ದೂ ಆಗಲೇ, ಲಯದ ಜಾಗ ನೋಡುವಾಗಲ್ಲ. ಕೇಳುತ್ತಿದ್ದವಳು ಬುಟ್ಟಿ ಇಳಿಸಿ ಕೂತಳು. ತನ್ನ ಮಗಳೂ ದೂರದೇಶದಲ್ಲಿ ಮನೆಗೆಲಸಕ್ಕಿದ್ದಾಳೆ, ಫೋನಿನಲ್ಲಿ ಹೀಗೇ ಕೆರೆಯ ಸುದ್ದಿ ಕೇಳುತ್ತಾಳೆ ಎಂದಳು.

ಕೆಳಗಿಳಿಯುವಾಗ ವ್ಯಾಪಾರಿ ನನ್ನ ಪಕ್ಕ ನಡೆದರು. "ನಿನ್ನೆ ಏನೋ ಅಂದ್ಬುಟ್ಟೆ ಮೇಡಂ."

"ನಾನೂ ನಿಮ್ಮ ಜಾಗದಲ್ಲಿದ್ದರೆ ಅಂತಿದ್ದೆ," ಎಂದೆ.

ವಾಪಸು ಬರುವಾಗ ಕಡಲಿನ ಮೇಲೆ ಯಾರ ಎಂಜಿನ್ನೂ ಗೊರಗುಟ್ಟಲಿಲ್ಲ. ಮೈಸೂರಿನಲ್ಲಿ ಇಳಿದು, ವಿಮಾನಗಳನ್ನು ಕಟ್ಟಿಹಾಕಿ, ಒಬ್ಬರ ಕೈ ಒಬ್ಬರು ಕುಲುಕಿದೆವು. ಮತ್ತೆ ಹೋಗೋಣ, ಮುಂದಿನ ಸಲ ನೇಪಾಳ ಎಂದೆವು. ಆ ಮುಂದಿನ ಸಲ ನನಗೆ ಬರಲಿಲ್ಲ. ಮರುವರ್ಷದ ವೈದ್ಯಕೀಯ ಪರೀಕ್ಷೆಯಲ್ಲಿ ನನ್ನ ಹೃದಯದ ಬಡಿತ ಪರೀಕ್ಷಿಸಿದವರಿಗೆ ಒಪ್ಪಿಗೆಯಾಗಲಿಲ್ಲ, ಹಾರುವ ಲೈಸೆನ್ಸ್ ಹೋಯಿತು. ವ್ಯಾಪಾರಿ ತಾವಾಗಿಯೇ ಹಾರುವುದನ್ನು ಬಿಟ್ಟರು. ಡಾಕ್ಟರು ಈಗಲೂ ಹಾರುತ್ತಾರೆ, ಬೇರೆ ಗುಂಪಿನ ಜೊತೆ. ನೇಪಾಳಕ್ಕೆ ಹೋಗಿ ಬಂದು ಫೋಟೋ ಕಳಿಸಿದ್ದರು. ಚೆನ್ನಾಗಿದೆ ಎಂದು ಬರೆದು, ಫೋನನ್ನು ಕವುಚಿಟ್ಟು ಹಿತ್ತಲಿಗೆ ಹೋದೆ.

ಈಗ ನಾನಿರುವ ಚಾಮರಾಜನಗರದ ಮನೆಯಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಒಂದು ಗಂಟೆ. ತಿಂಗಳಿಗೊಮ್ಮೆಯಾದರೂ ವ್ಯಾಪಾರಿಯ ಹೆಂಡತಿಯನ್ನು ನೋಡಲು ಹೋಗುತ್ತೇನೆ. ಹೋದ ವಾರ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, "ನಿಮಗೆ ಏನು ಬೇಜಾರು ಮೇಡಂ? ಮೇಲೆ ಓಗಾಕಾಗಲ್ಲ ಅಂತಲಾ?" ಎಂದು ಕೇಳಿದರು.

ಸ್ವಲ್ಪ ಯೋಚಿಸಿ ಹೇಳಿದೆ. ಒಬ್ಬಳೇ ಹಾರುವುದು ಅಷ್ಟು ನೆನಪಾಗುವುದಿಲ್ಲ. ಹಿಂದೆ ಜನ ಇದ್ದಾರೆ, ನಾನು ತಿರುಗಿದರೆ ಅವರೂ ತಿರುಗುತ್ತಾರೆ, ಅವರ ದನಿ ಕಿವಿಯಲ್ಲಿದೆ. ಅದು ಬೇಕೆನಿಸುತ್ತದೆ ಎಂದೆ.

ಆಕೆ ಕಾಳನ್ನು ಬಟ್ಟಲಿಗೆ ಹಾಕುತ್ತ, "ಅಂಗಂದ್ರೆ ನಾಳಿದ್ದೂ ಬನ್ನಿ," ಎಂದರು. "ಇವ್ರನ್ನೂ ಕರ್ಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಓಗನ. ಬಸ್ಸಲ್ಲಿ. ನೀವು ಮುಂದೆ ಕೂತ್ಕೊಳಿ."

ಸಂಜೆಯ ಬಸ್ಸಿಗೆ ಹೊರಟೆ. ತೆರಕಣಾಂಬಿ ದಾಟಿದ ಮೇಲೆ ಯಾರೋ ಕಬ್ಬಿನ ಗರಿಗೆ ಬೆಂಕಿ ಹಾಕಿದ್ದರು. ಹೊಗೆ ಮೂಡಲಿಗೆ, ಉಡಿಗಾಲದ ಕಡೆಗೆ ಮಲಗಿತ್ತು. ಪಡುವಣ ಗಾಳಿ, ಹೆಚ್ಚೇನಿಲ್ಲ. ಇಂಥ ಗಾಳಿಗೆ ಯಾವ ಕಡೆ ಮುಖ ಮಾಡಿ ಮೇಲೇಳಬೇಕೆಂದು ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಕಂಡಕ್ಟರು ಬಂದು ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು.