ಮುಂಗಾಲಿಲ್ಲದ ಕುದುರೆ

ಅಂದು ಲಾಯದಲ್ಲಿ ಕುದುರೆಯ ಹಾಗೆ ಕೆನೆದವನು ನಾನು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ.

ಅಮೆರಿಕದ ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್‌ರ ಉಗುರುಗಳ ಸಂದಿಯಲ್ಲಿ ಸದಾ ಕಂದುಬಣ್ಣ. ಸೋಪಿಗೂ ಜಗ್ಗದು, ಸೀಮೆಎಣ್ಣೆಗೂ ಜಗ್ಗದು. ಮೈಸೂರಿನ ರೇಸ್‌ಕೋರ್ಸ್ ಪಕ್ಕ ಬೆಳೆದವರು. ಇಲ್ಲಿ ವಿಮಾನದ ರೆಕ್ಕೆಗಳ ನಕ್ಷೆ ಬರೆದು ನಿವೃತ್ತರಾದ ಮೇಲೆ ಕುದುರೆಗಳ ಭಾವಚಿತ್ರಕ್ಕೆ ಇಳಿದರು. ಅದೂ ಹಳೆಯ ಇಂಗ್ಲಿಷ್ ಚಿತ್ರಕಾರರ ಪದ್ಧತಿಯಲ್ಲಿ: ಕುದುರೆ ಪಕ್ಕಕ್ಕೆ ತಿರುಗಿ ನಿಂತಿರಬೇಕು, ಒಂದು ಗಾಯದ ಕಲೆಯನ್ನೂ ಬಿಡಬಾರದು.

"ಆ ಇಂಗ್ಲಿಷಿನೋರು ಯಜಮಾನನ ಮುಖಕ್ಕೆ ಸುಳ್ಳು ಬಣ್ಣ ಹಚ್ತಿದ್ರು ಕಣೋ, ಕುದುರೆಗೆ ಹಚ್ತಿರ್ಲಿಲ್ಲ."

ಅಂಕಲ್ ಫೋಟೋ ನೋಡಿ ಬರೆಯುತ್ತಿರಲಿಲ್ಲ. "ಹತ್ತಿರದಿಂದ ತೆಗೆದ್ರೆ ತಲೆ ಕುಂಬಳಕಾಯಿ ಆಗುತ್ತೆ, ಹಿಂಗಾಲು ಪೆನ್ಸಿಲ್ ಆಗುತ್ತೆ." ಕುದುರೆಯೆದುರು ದಾರ ಹಿಡಿದು ಅಳೆಯುವರು. ಕಣ್ಣು ಮೊದಲು, ಕಾಲು ಕೊನೆಗೆ.

ನಾನೋ, ನನ್ನ ಬೆಲ್ವ್ಯೂ ಆಫೀಸಿನ ಮ್ಯಾನೇಜರನಿಂದ ಹಿಡಿದು ಹೆತ್ತ ಅಮ್ಮನ ತನಕ ಎಲ್ಲರನ್ನೂ ಅನುಕರಿಸಿ ಬೈಸಿಕೊಂಡವನು. ಅಂಕಲ್ ಒಂದು ಕಣ್ಣು ಮುಚ್ಚಿ ದಾರ ಹಿಡಿಯುವುದನ್ನು ಅವರೆದುರಿಗೇ ಮಾಡಿ ತೋರಿಸಿದೆ.

"ಕತ್ತೆ, ಮಾಡೋದಾದ್ರೆ ಸರಿಯಾಗಿ ಮಾಡು. ಮೊಣಕೈ ಮೇಲೆತ್ತು."

ಹಾಗೆ ಶುರುವಾಗಿ, ಶನಿವಾರಗಳಂದು ನನಗೂ ಬ್ರಷ್ ಹಿಡಿಯುವುದನ್ನು ಕಲಿಸಿದರು.

ಕಳೆದ ವರ್ಷ ಅವರ ಲಿವರ್‌ನಲ್ಲಿ ಕ್ಯಾನ್ಸರ್ ಕಂಡಿತು. ಪಕ್ಕದ ಇಸ್ಸಾಕ್ವಾ ಊರಿನ ಲಾಯವೊಂದರ ಮುದಿ ಕುದುರೆಯೇ ತಮ್ಮ ಕೊನೆಯ ಚಿತ್ರವೆಂದು ಅವರಿಗೆ ಗೊತ್ತಿತ್ತು. ಕುದುರೆಗೂ ದಿನ ನಿಗದಿಯಾಗಿತ್ತು. ಕೀಲುನೋವಿನಿಂದ ನರಳುತ್ತಿದ್ದ ಅದಕ್ಕೆ ಶುಕ್ರವಾರ ಪಶುವೈದ್ಯರು ಬಂದು ನೋವಿಲ್ಲದೆ ಕಣ್ಮುಚ್ಚಿಸುವ ಕೊನೆಯ ಇಂಜೆಕ್ಷನ್ ಕೊಡುವವರಿದ್ದರು. ಅಷ್ಟರೊಳಗೆ ಚಿತ್ರ ಮುಗಿಯಬೇಕು. ದಿನಾ ನಾನೇ ಡ್ರೈವ್ ಮಾಡಿ ಕರೆದೊಯ್ಯುತ್ತಿದ್ದೆ.

ಬುಧವಾರ ಉಳಿದದ್ದು ಮುಂಗಾಲು ಎರಡೇ. ಕುದುರೆ ತಲೆ ತಗ್ಗಿಸಿ ತೂಕಡಿಸುತ್ತಿತ್ತು.

"ಒಂಚೂರು ತಲೆ ಎತ್ತಿದ್ರೆ ಭಾರ ಎಲ್ಲಿ ಬೀಳುತ್ತೆ ಅಂತ ಕಾಣೋದು," ಎಂದು ಅಂಕಲ್ ಗೊಣಗಿದರು.

ನನ್ನಂಥ ಕಲಾವಿದನಿಗೆ ಅಷ್ಟು ಸಾಕಲ್ಲ! ಅದರ ಕಿವಿಯ ಹಿಂದೆ ನಿಂತು ಗಂಟಲು ಬಿಚ್ಚಿ ಕೆನೆದೆ. ಕುದುರೆ ಬೆಚ್ಚಿ ಹಿಂದಕ್ಕೆ ನೆಗೆಯಿತು, ಒದ್ದೆ ಕಾಂಕ್ರೀಟಿನ ಮೇಲೆ ಜಾರಿ ಬಿತ್ತು. ಕಾಲಿನ ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಶುಕ್ರವಾರದ ಇಂಜೆಕ್ಷನ್ ಅಂದು ಮಧ್ಯಾಹ್ನವೇ ಆಯಿತು. ಕುದುರೆಯ ಒಡತಿ, ಅದರ ಜೊತೆಗೇ ಬೆಳೆದ ಅಮೆರಿಕನ್ ಹುಡುಗಿ, ನೆಲದ ಮೇಲೆ ಕೂತು ಅದರ ಮೂತಿ ಸವರುತ್ತಲೇ ಇದ್ದಳು. ಅಂಕಲ್ ಒಂದೊಂದೇ ಬ್ರಷ್ ತೊಳೆದರು, ಬಹಳ ಹೊತ್ತು.

ಆರು ವಾರಕ್ಕೆ ಅವರೂ ಹೋದರು. ಅದಕ್ಕೆ ಎರಡು ದಿನ ಮುಂಚೆ, ಆಸ್ಪತ್ರೆಯಲ್ಲಿ ಅವರ ಹಾಸಿಗೆಯ ಪಕ್ಕ ಕೂತು ಕೇಳಿದೆ: "ಅಂಕಲ್, ಆ ಹುಡುಗಿ ಹತ್ರ ಹಳೇ ಫೋಟೋ ಇದೆ. ಆ ಎರಡು ಕಾಲು ನಾನು ಬರೆದುಬಿಡ್ಲಾ? ಥೇಟ್ ನಿಮ್ಮ ಕೈ ಥರಾನೇ ಬರೀತೀನಿ. ಯಾರಿಗೂ ಗೊತ್ತಾಗಲ್ಲ."

ಅವರು ಕಣ್ಣು ಬಿಟ್ಟರು.

"ಮುಟ್ಬೇಡ. ಕಾಲು ಯಾಕಿಲ್ಲ ಅಂತ ನೋಡಿದೋರು ಕೇಳ್ಲಿ. ನೀನು ಹೇಳು."