ಅಕ್ಕನ ಹೆಸರಿನಲ್ಲಿ ನುಂಗಿದ ದಾರ

ಹರಕೆಯಲ್ಲಿ ನನಗೆ ನಂಬಿಕೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು, ಈಕೆ ಮೊದಲಿನಿಂದಲೂ ದೇವರು ದಿಂಡರು ಎಂದು ಓಡಾಡಿದವಳೇ ಎನ್ನಬಾರದು. ಚಿಕ್ಕಂದಿನಲ್ಲಿ ಅಣ್ಣನಿಗೆ ಜ್ವರ ಬಂದರೆ ನಮ್ಮಮ್ಮ ಅವನ ಹೆಸರಿನಲ್ಲಿ ತಾನು ದೀಡ ನಮಸ್ಕಾರ ಹಾಕುತ್ತಿದ್ದಳು. ಒದ್ದೆ ಸೀರೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಮಲಗಿ, ಎದ್ದು, ಮತ್ತೆ ಮಲಗಿ, ಗುಡಿಯವರೆಗೂ ಹೋಗುವುದು. "ಜ್ವರ ಅವಂದು, ಮೈಕೈ ನೋವು ನಿಂದು. ಇದ್ಯಾವ ನ್ಯಾಯಬೇ?" ಎಂದು ನಾನು ರೇಗಿಸುತ್ತಿದ್ದೆ. ಅಣ್ಣನೂ ನನ್ನ ಜೊತೆ ಸೇರಿ ನಗುತ್ತಿದ್ದ. ಮುಂದೆ ನಾನು ಡಾಕ್ಟರಾದೆ, ಅದರಲ್ಲೂ ಸೂಕ್ಷ್ಮದರ್ಶಕದ ಡಾಕ್ಟರು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ಒಪ್ಪದ ಜಾತಿ ನಮ್ಮದು.

ಎಂಬತ್ತರ ದಶಕದ ಮಾತು. ಆಗ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿದ್ದೆ. ಅನ್ನನಾಳದ ಕ್ಯಾನ್ಸರ್ ಆದವರು ಅನ್ನವಿರಲಿ, ನೀರೂ ಇಳಿಯದಾದ ಮೇಲೆ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಅಷ್ಟರಲ್ಲಿ ಎಲ್ಲ ಕೈಮೀರಿರುತ್ತಿತ್ತು. ಗಡ್ಡೆಯಾಗುವ ಮೊದಲೇ, ಜೀವಕಣಗಳು ಕೆಡತೊಡಗಿದಾಗಲೇ ಹಿಡಿಯಬೇಕೆಂಬುದು ನಮ್ಮ ಹಂಬಲ. ಕೈಮೇಲೆ ನರುಲಿ ಎಬ್ಬಿಸುವ ವೈರಸ್ಸಿನ ಬಳಗವೇ ಅನ್ನನಾಳದಲ್ಲೂ ಸೇರಿಕೊಂಡು ಈ ಕೇಡಿಗೆ ದಾರಿ ಮಾಡುತ್ತದೆಯೇ ಎಂಬ ಅನುಮಾನ ಆಗಷ್ಟೇ ಹುಟ್ಟಿತ್ತು. ನನಗೆ ಅದರ ಹುಚ್ಚು ಹಿಡಿದಿತ್ತು. ವೈರಸ್ಸು ಹೊಕ್ಕ ಕಣದಲ್ಲಿ ನಡುವಿನ ಬೀಜದ ಸುತ್ತ ಒಂದು ಬಿಳಿ ಬಳೆ ಕಾಣುತ್ತದೆ. ಆ ಬಳೆಯನ್ನು ಹುಡುಕುವುದೇ ನನ್ನ ಕೆಲಸ.

ಪರೀಕ್ಷೆ ನಮಗೆ ಸರಳ, ನುಂಗುವವರಿಗಲ್ಲ. ದಾರ ಕಟ್ಟಿದ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಒಳಗೆ ಗುಳಿಗೆ ಕರಗಿ, ಮಡಚಿಟ್ಟ ಸ್ಪಂಜು ಅರಳುತ್ತದೆ. ಬಾಯಿಯ ಹೊರಗುಳಿದ ದಾರ ಹಿಡಿದು ಮೆಲ್ಲಗೆ ಎಳೆದರೆ ಸ್ಪಂಜು ಅನ್ನನಾಳವನ್ನು ಸವರಿಕೊಂಡು ಮೇಲೆ ಬರುತ್ತದೆ. ಅದನ್ನು ಗಾಜಿನ ಪಟ್ಟಿಗೆ ಒರೆಸಿ, ಬಣ್ಣ ಹಾಕಿ ನೋಡುವುದು. ಆದರೆ ಊರೂರಲ್ಲಿ "ದಾರದ ಜೊತಿ ಜೀವಾನೂ ಬರತೈತಂತ" ಎಂದು ಸುದ್ದಿ ಹಬ್ಬಿತ್ತು.

ಒಂದು ದಿನ ಸಿರುಗುಪ್ಪದಲ್ಲಿ ಶಿಬಿರ. ಕರೂರಿನ ಕಡೆಯಿಂದ ನಾಟಿ ಕೆಲಸದ ಹೆಂಗಸರು ಬಸ್ಸಿನಲ್ಲಿ ಬಂದಿದ್ದರು. ಎಲ್ಲರಿಗಿಂತ ಕೊನೆಗೆ ಬಂದವಳು ಸಣಕಲು ಮೈಯವಳು, ಕಾಲಿನ ಮೇಲೆ ಗದ್ದೆಯ ಕೆಸರು ಒಣಗಿತ್ತು. ಹೆಸರು ಕೇಳಿದೆ. "ಗಂಗಮ್ಮ. ಊರು ಕುರುಗೋಡು" ಎಂದಳು. ಗುಳಿಗೆ ಕೊಟ್ಟರೆ ಚಪ್ಪಲಿ ಬಿಟ್ಟು, ಮೂಡಣಕ್ಕೆ ತಿರುಗಿ ಕೈಮುಗಿದು, ಏನೋ ಗೊಣಗಿ ಗಟಕ್ಕನೆ ನುಂಗಿದಳು. ನನಗೆ ಒಳಗೊಳಗೇ ನಗು. ಗಾಜಿನ ಮೇಲೆ ಹೆಸರು ಕೊರೆದವಳೂ ನಾನೇ, ದಾರ ಎಳೆದವಳೂ ನಾನೇ.

ಬಳ್ಳಾರಿಗೆ ಬಂದು ನೋಡಿದರೆ ಆ ಗಾಜಿನ ತುಂಬ ಬಳೆಗಳು. ಬಳೆಗಳಷ್ಟೇ ಅಲ್ಲ, ಸೊಟ್ಟಗಾದ, ಹಿಗ್ಗಿದ ಕಣಗಳ ಹಿಂಡು. ಗಡ್ಡೆ ಎನ್ನುವಂತಿರಲಿಲ್ಲ, ಬಿಟ್ಟರೆ ಗಡ್ಡೆಯಾಗುವ ಹಂತ. ಹುಡುಕಿದ್ದು ಸಿಕ್ಕಿತೆಂಬ ಖುಷಿ ಒಂದು ಗಳಿಗೆ, ಆಮೇಲೆ ಆ ಹೆಂಗಸಿನ ಮುಖ ಕಣ್ಣಮುಂದೆ ಬಂದು ಸಂಕಟವಾಯಿತು. ಕೂಡಲೇ ಕುರುಗೋಡಿಗೆ ಹೇಳಿಕಳಿಸಿದೆ.

ಕೆಲವು ದಿನ ಬಿಟ್ಟು ಇಬ್ಬರು ಹೆಂಗಸರು ಬಂದರು. ನಾನು ಗುರುತಿನವಳನ್ನು ನೋಡಿ "ಬಾರವ್ವ ಗಂಗಮ್ಮ" ಎಂದೆ. ಪಕ್ಕದವಳು ಮುಂದೆ ಬಂದು, "ನಾನರಿ ಗಂಗಮ್ಮ" ಎಂದಳು.

"ಹಂಗಾದ್ರ ನೀ ಯಾರು?"

"ಈರಮ್ಮರಿ. ಈಕಿ ತಂಗಿ. ಕರೂರಿಗೆ ಕೊಟ್ಟಾರ್ರಿ ನನ್ನ."

ಅಕ್ಕನಿಗೆ ಬಹಳ ದಿನಗಳಿಂದ ರೊಟ್ಟಿ ಎದೆಯಲ್ಲಿ ಹಿಡಿದಂತಾಗುತ್ತಿತ್ತಂತೆ. ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳಂತೆ. ದಾರ ನುಂಗುವ ಮಾತೆತ್ತಿದರೆ, ಸತ್ತರೂ ಬರುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ. ಅದಕ್ಕೇ ತಂಗಿ ಬಂದಿದ್ದಳು. "ಅಕ್ಕನ ಹೆಸರಿನಾಗ ನಾ ನುಂಗೀನ್ರಿ ಡಾಕ್ಟರಮ್ಮ. ಮನಿ ಮಂದಿ ಹೆಸರಿನಾಗ ದೀಡ ನಮಸ್ಕಾರ ಹಾಕಂಗಿಲ್ಲೇನ್ರಿ? ಹಂಗ."

"ದೇವರಿಗೆ ನಡದೀತವ್ವ, ಗಾಜಿಗೆ ನಡಿಯಂಗಿಲ್ಲ" ಎಂದು ಗದರಿದೆ. ಗದರುತ್ತಲೇ ಇನ್ನೊಂದು ಹೊಳೆಯಿತು. ಗಂಟಲು ಇವಳದಾದರೆ ರೋಗವೂ ಇವಳದೇ. ಅಕ್ಕನಿಗಾಗಿ ಬಂದವಳು ತನ್ನ ರೋಗದ ಸುದ್ದಿ ತೆಗೆದುಕೊಂಡು ಹೋಗಬೇಕಾಯಿತಲ್ಲ! ಬಿಡಿಸಿ ಹೇಳಿದೆ. ಈರಮ್ಮ ಒಂದಿಷ್ಟೂ ಅಳುಕಲಿಲ್ಲ. "ನಂದಿರಲಿ, ಅಕ್ಕಂದು ಮೊದ್ಲ ನೋಡ್ರಿ" ಎಂದಳು.

ಬಂದಿದ್ದೇ ಬಂದಿದ್ದು ಎಂದು ಇಬ್ಬರಿಗೂ ನುಂಗಿಸಿದೆ. ತನಗಾಗಿ ತಂಗಿ ನುಂಗಿದ ಮೇಲೆ ಗಂಗಮ್ಮನ ಹಟ ಉಳಿದಿರಲಿಲ್ಲ, ತಂಗಿಯ ಕೈ ಬಿಗಿಹಿಡಿದು ನುಂಗಿದಳು. ದಾರ ಎಳೆದು ಮುಗಿಸಿದ ಮೇಲೆ ಎದೆಗೂಡಿನ ನಡುವೆ ಬೆರಳಿಟ್ಟು, "ಮೊನ್ನಿ ಎಳದಾಗೂ ಇಲ್ಲೇ ಉರದಿತ್ತರಿ" ಎಂದಳು.

"ಮೊನ್ನಿ ಯಾರು ಎಳದ್ರವ್ವ ನಿಂಗ?"

ಅವಳು ನನ್ನ ಮುಖ ನೋಡಿದಳು, ತಂಗಿಯ ಮುಖ ನೋಡಿದಳು. "ಹೌದಲ್ಲ... ನಾ ಯಾಕ ಹಂಗಂದೆ?" ಎಂದು ತಾನೇ ಬೆರಗಾದಳು.

ತಂಗಿ ಹೇಳಿದ್ದನ್ನು ಕೇಳಿ ಬಾಯಿಗೆ ಬಂದಿರಬೇಕು ಎಂದುಕೊಂಡೆ. ಆದರೆ ಗಾಜುಗಳು? ಗಂಗಮ್ಮನ ಗಾಜಿನಲ್ಲಿ ಅವೇ ಬಳೆಗಳು, ಅವೇ ಸೊಟ್ಟ ಕಣಗಳು. ಈರಮ್ಮನದು ತೊಳೆದ ತಟ್ಟೆಯಷ್ಟು ಸ್ವಚ್ಛ. ಮುಂದೆ ಎಷ್ಟು ಸಲ ನೋಡಿದರೂ ಅಷ್ಟೇ ಸ್ವಚ್ಛ.

ಶಿಬಿರದ ಗದ್ದಲದಲ್ಲಿ ಗಾಜು ಅದಲುಬದಲಾಗಿರಬೇಕು ಎಂದು ನೀವೂ ಹೇಳುತ್ತೀರಿ. ನಾನೂ ಹಾಗೇ ಹೇಳಿಕೊಂಡೆ. ಆದರೆ ಅದಲುಬದಲಾಗಲು ಆ ರೋಗ ಅಲ್ಲಿದ್ದ ಇನ್ನೊಬ್ಬರಲ್ಲಾದರೂ ಇರಬೇಕಲ್ಲ? ಆ ದಿನ ಬಂದವರನ್ನೆಲ್ಲ ಮತ್ತೆ ಕರೆಸಿ ನೋಡಿದೆ. ಒಬ್ಬರಲ್ಲೂ ಇರಲಿಲ್ಲ. ಗಂಗಮ್ಮ ಆ ದಿನ ಕುರುಗೋಡು ಬಿಟ್ಟು ಕದಲಿರಲಿಲ್ಲ. ವೈರಸ್ಸು ನೆಂಟನ ಹಾಗೆ ಬಂದು ಹೋಗುತ್ತದೆ, ಒಪ್ಪೋಣ. ಅಷ್ಟು ಕೆಟ್ಟ ಕಣಗಳು ಅಷ್ಟು ಬೇಗ ಎಲ್ಲಿ ಹೋದವು?

ಗಂಗಮ್ಮನಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನಳಿಕೆ ಹಾಕಿ ನೋಡಿದವರು ಬರೆದು ಕಳಿಸಿದ ಜಾಗವೂ ಅವಳು ಬೆರಳಿಟ್ಟು ತೋರಿಸಿದ ಜಾಗವೂ ಒಂದೇ. ಅವಳು ಉಳಿದಳು. ತಂಗಿ ನುಂಗದೆ ಇದ್ದಿದ್ದರೆ ಉಳಿಯುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅದಾಗಿ ಕೆಲವು ವರ್ಷಕ್ಕೆ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಅಣ್ಣ ಊಟದ ನಡುನಡುವೆ ನೀರು ಕುಡಿಯತೊಡಗಿದ. ಬಾಯಲ್ಲಿ ಸದಾ ತಂಬಾಕು. ಪರೀಕ್ಷೆ ಮಾಡಿಸಿಕೋ ಎಂದು ಅಂಗಲಾಚಿದರೆ, "ಡಾಕ್ಟರು ನೀನು, ನೀನ ನುಂಗು" ಎಂದು ನಗುತ್ತಿದ್ದ. ಒಂದು ಭಾನುವಾರ ಬೆಳಿಗ್ಗೆ ಯಾರೂ ಇಲ್ಲದ ಲ್ಯಾಬಿಗೆ ಹೋಗಿ, ಗಾಜಿನ ಮೇಲೆ ಅಣ್ಣನ ಹೆಸರು ಕೊರೆದೆ. ಚಪ್ಪಲಿ ಬಿಟ್ಟೆ. ಗುಳಿಗೆ ನುಂಗಿದೆ.

ದಾರ ಎಳೆದುಕೊಂಡು ಗಾಜಿಗೆ ಒರೆಸಿದೆನೇ ಹೊರತು ಬಣ್ಣ ಹಾಕಲು ಕೈ ಬರಲಿಲ್ಲ. ಬಳೆ ಕಂಡರೆ ಏನು ಮಾಡಲಿ, ಕಾಣದಿದ್ದರೆ ಯಾವ ಧೈರ್ಯದ ಮೇಲೆ ಸುಮ್ಮನಿರಲಿ? ಹಾಗೇ ಮನೆಗೆ ಹೋಗಿ, "ನಿನ್ನ ಹೆಸರಿನಾಗ ನುಂಗಿ ಬಂದೀನಣ್ಣ" ಎಂದೆ. ಈ ಸಲ ಅವನು ನಗಲಿಲ್ಲ. ಅಮ್ಮ ನೆನಪಾಗಿರಬೇಕು. ತಂಬಾಕಿನ ಡಬ್ಬಿ ಬದಿಗಿಟ್ಟು, "ನಡಿ" ಎಂದು ಎದ್ದ.

ಅವನೇ ನುಂಗಿ ಕೊಟ್ಟ ಗಾಜಿನಲ್ಲಿ ಬಳೆಗಳಾಗಲಿ ಸೊಟ್ಟ ಕಣಗಳಾಗಲಿ ಇರಲಿಲ್ಲ. ಅವನ ಹೆಸರಿನಲ್ಲಿ ನಾನು ನುಂಗಿ ಒರೆಸಿದ ಗಾಜು ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಬಣ್ಣ ಹಾಕಿಲ್ಲ.