ಕಂಕುಳ ಕೆಳಗಿನ ಚೌಕ

ಬೆಕ್ಕಣ್ಣನಿಗೆ ಆ ಹೆಸರು ಬಂದದ್ದು ಸಿನಿಮಾದವರಿಂದ. ಎಲ್ಲಿಂದ ತಳ್ಳಿದರೂ ಕಾಲ ಮೇಲೇ ಬೀಳುತ್ತಾನೆ ಎಂದು ಸಾಹಸದ ಮೇಷ್ಟ್ರು ಇಟ್ಟ ಹೆಸರು ಅದು, ಇಪ್ಪತ್ತೆರಡು ವರ್ಷ ಸುಳ್ಳಾಗಲಿಲ್ಲ. ಮೆಟ್ಟಿಲಿಳಿದು ಬರುವುದು ನಾಯಕನ ಕೆಲಸ, ಮೆಟ್ಟಿಲಿಂದ ಉರುಳುವುದು ಬೆಕ್ಕಣ್ಣನ ಕೆಲಸ. ಅವನ ಬೆನ್ನು ಕಂಡವರು ಲಕ್ಷಾಂತರ ಮಂದಿ, ಮುಖ ಕಂಡವರು ಈ ಬೀದಿಯವರು ಮಾತ್ರ. ಇಪ್ಪತ್ತಮೂರನೆಯ ವರ್ಷ ಒಂದು ಗೋದಾಮಿನ ಮಾಡಿನಿಂದ ಬಿದ್ದಾಗ ಕಾಲು ಕೆಳಗಾಗಲಿಲ್ಲ. ಸೊಂಟಕ್ಕೆ ಉಕ್ಕಿನ ಸಲಾಕೆ ಬಂತು, ಎಂಟು ತಿಂಗಳು ಹಾಸಿಗೆಯೂ ಬಂತು.

ಆ ಎಂಟು ತಿಂಗಳು ಅವನನ್ನು ಮಗ್ಗುಲಿಗೆ ಹೊರಳಿಸಿದ್ದು, ತೊಳೆದು ಒರೆಸಿದ್ದು ಹೆಂಡತಿ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಹಿಂದಿನ ಕೋಣೆಯಿಂದ ಅವನು ಕರೆದರೆ ಅರ್ಧ ಹೊಲಿಗೆಯಲ್ಲೇ ಎದ್ದು ಹೋಗಿ ಬರುತ್ತಿದ್ದಳು. ಒಂದು ದಿನವೂ ಬೈಯಲಿಲ್ಲ. ಗೋಡೆ ಹಿಡಿಯದೆ ಅವನು ಬಚ್ಚಲಿಗೆ ಹೋಗಿ ಬಂದ ದಿನ ಮಾತ್ರ ಎದುರಿಗೆ ಕೂರಿಸಿಕೊಂಡಳು.

"ಇನ್ನೊಂದು ಸಲ ಹಾರಿದ್ದು ಗೊತ್ತಾದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ಹೆದರಿಸ್ತಿಲ್ಲ, ಹೇಳ್ತಿದ್ದೀನಿ ಅಷ್ಟೇ."

ಒಂದು ಮಾತನ್ನು ಎರಡು ಸಲ ಹೇಳುವ ಹೆಂಗಸಲ್ಲ ಅವಳು. ಇನ್ನು ಹಾರುವುದಿಲ್ಲವೆಂದು ಬೆಕ್ಕಣ್ಣ ಮಾತು ಕೊಟ್ಟ. ಅಂದಿನಿಂದ ಅವಳ ಅಂಗಡಿಯಲ್ಲೇ ಇಸ್ತ್ರಿ ಮಾಡುವುದು, ಗುಂಡಿ ಹಚ್ಚುವುದು, ಸಿದ್ಧವಾದ ಬಟ್ಟೆಯನ್ನು ಸೂರಿನಡಿಯ ಸರಳಿಗೆ ನೇತುಹಾಕುವುದು. ಹುಲಿಯಂತೆ ಬದುಕಿದವನು ಹುಲ್ಲು ತಿನ್ನಲು ಕಲಿತ ಎಂದು ನಾವೆಲ್ಲ ಅಂದುಕೊಂಡೆವು. ಅವಳೂ ಅಂದುಕೊಂಡಳು.

ಆದರೆ ಹೋದ ವರ್ಷ ಮೇಷ್ಟ್ರ ಫೋನ್ ಬಂತು. ಗೂಢಚಾರನ ಸರಣಿಯ ಏಳನೆಯ ಚಿತ್ರ, ಒಂದೇ ಒಂದು ಜಿಗಿತ, ಹುಡುಗರು ಯಾರೂ ಸರಿಹೊಂದುತ್ತಿಲ್ಲ. ಹುಡುಗರಿಗೆ ಕಲಿಸಿಕೊಡಲು ಆರು ದಿನ ಹೋಗಿ ಬರುತ್ತೇನೆ ಎಂದ ಹೆಂಡತಿಗೆ. ಬರೀ ಕಲಿಸೋದು ತಾನೇ ಎಂದು ಕೇಳಿ, ಫ್ಲಾಸ್ಕಿಗೆ ಚಹಾ ತುಂಬಿ ಕಳಿಸಿದಳು. ವಾಪಸು ಬರುವಾಗ ಬಲಭುಜ ಊದಿತ್ತು. ಒದ್ದೆ ಮೆಟ್ಟಿಲಲ್ಲಿ ಜಾರಿದೆ ಎಂದ, ಹತ್ತು ದಿನ ಅವಳು ಬಿಸಿನೀರಿನ ಶಾಖ ಕೊಟ್ಟಳು. ಊತ ಇಳಿಯಿತು, ಕೈ ಮಾತ್ರ ಭುಜದ ಎತ್ತರಕ್ಕಿಂತ ಮೇಲೇಳಲಿಲ್ಲ. ಅಂದಿನಿಂದ ಸರಳಿಗೆ ಬಟ್ಟೆ ಹಾಕಲು ಅವನೊಂದು ಕೊಕ್ಕೆ ಕೋಲು ಇಟ್ಟುಕೊಂಡ. ಸೊಂಟದ ದೆಸೆಯಿಂದ ತುದಿಗಾಲಲ್ಲಿ ನಿಲ್ಲಲಾಗುತ್ತಿಲ್ಲ ಎಂದು ನೆವ ಹೇಳಿದ. ಅವನು ಬಿದ್ದ ಮೇಲೆ ಅವಳು ಸಿನಿಮಾ ನೋಡುವುದನ್ನೇ ಬಿಟ್ಟಿದ್ದಳು, ಹಾಗಾಗಿ ಗುಟ್ಟು ಹೊರಬೀಳುವ ದಾರಿಯೇ ಇಲ್ಲ ಎಂದು ಅವನ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಎಂದು ಹಿರಿಯರು ಕೇಳಿದ್ದು ಇಂಥವರನ್ನು ಕಂಡೇ ಇರಬೇಕು.

ಚಿತ್ರ ಬಂದು ಎರಡನೆಯ ವಾರ. ಮಧ್ಯಾಹ್ನ ಮೂರರ ಹೊತ್ತಿಗೆ ಬಸ್ ಡ್ರೈವರ್ ಅಂಗಡಿಗೆ ಬಂದ. ಇಡೀ ಸರಣಿಯನ್ನು ಅರೆದು ಕುಡಿದವನು ಅವನು, ಏಳನೆಯದನ್ನು ಆಗಲೇ ನಾಲ್ಕು ಸಲ ನೋಡಿದ್ದ. ಜಿಗಿತದ ದೃಶ್ಯದಲ್ಲಿ ನಾಯಕ ತೊಟ್ಟ ಬೂದು ಕೋಟಿನಂಥದೇ ಒಂದನ್ನು ಹೊಲಿಯಲು ಕೊಟ್ಟಿದ್ದ, ಅದರ ಟ್ರಯಲ್ಲಿಗೆ ಬಂದಿದ್ದ. ಹಿಂದೆಯೇ ಫೋಟೊ ಸ್ಟುಡಿಯೋದವನೂ ಬಂದ. ಅವನೂ ಅಷ್ಟೇ ದೊಡ್ಡ ಅಭಿಮಾನಿ, ಆದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಜಗಳ ಶುರುವಾಗಿತ್ತು.

ಮೊದಲು ಖಳನ ವಿಷಯ. ಈ ಸಲದ ಖಳ ಸಪ್ಪೆ, ಮೂರನೆಯ ಚಿತ್ರದವನ ಕಾಲ ಧೂಳಿಗೂ ಸಮವಲ್ಲ ಎಂದು ಸ್ಟುಡಿಯೋದವನು. ಸಪ್ಪೆಯಲ್ಲ, ಒಳಗೊಳಗೇ ಕುದಿಯುವವನು, ನಿನಗೆ ಅರ್ಥವಾಗಲಿಲ್ಲ ಎಂದು ಡ್ರೈವರ್. ಆಮೇಲೆ, ಸತ್ತ ಗುರು ಮುಂದಿನ ಚಿತ್ರದಲ್ಲಿ ಬದುಕಿ ಬರುತ್ತಾನೋ ಇಲ್ಲವೋ ಎಂಬ ಮಾತು. ಬೆಕ್ಕಣ್ಣ ಇಸ್ತ್ರಿ ಪೆಟ್ಟಿಗೆ ಎಳೆಯುತ್ತ ಕಿವಿಯನ್ನೆಲ್ಲ ಅಲ್ಲೇ ಇಟ್ಟಿದ್ದ. ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಡ್ರೈವರನ ಬೆನ್ನಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ಅವಳಿಗೆ ಖಳನೂ ಬೇಡ, ಗುರುವೂ ಬೇಡ.

ಕೊನೆಗೆ ಮಾತು ಜಿಗಿತಕ್ಕೆ ಬಂತು. ಅರ್ಧ ಕಟ್ಟಿ ಬಿಟ್ಟ ಕಟ್ಟಡದ ಆರನೆಯ ಮಹಡಿಯಿಂದ ಎದುರಿನ ಬಾಲ್ಕನಿಯ ಕಂಬಿಗೆ ಹಾರುವುದು. ಅದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು, ನೆಲದಿಂದ ಒಬ್ಬರ ಕಾಲೂ ಎದ್ದಿಲ್ಲ ಎಂದ ಸ್ಟುಡಿಯೋದವನು. ಮದುವೆ ಫೋಟೊಗಳಲ್ಲಿ ಬೊಕ್ಕ ತಲೆಗೆ ಕೂದಲು ಹಚ್ಚುವ ತನಗೆ ಇದು ಗೊತ್ತಾಗದೇ ಎಂದು ಅವನ ವಾದ. ಡ್ರೈವರ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಬಲಗೈ ನೋಡು ನೀನು. ಎಡಗೈ ಮೊದಲು ಕಂಬಿ ಹಿಡಿಯುತ್ತೆ, ಬಲಗೈ ಒಂದು ಕ್ಷಣ ತಡ. ಭುಜ ಹೋಗಿ ಕಂಬಿಗೆ ಬಡಿಯುತ್ತೆ. ಕಂಪ್ಯೂಟರ್ ಯಾಕಪ್ಪ ತಡ ಮಾಡುತ್ತೆ? ತಪ್ಪು ಮಾಡೋನು ಮನುಷ್ಯ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಬೆಕ್ಕಣ್ಣನ ಎಡಗೈ ತಾನಾಗಿ ಬಲಭುಜಕ್ಕೆ ಹೋಯಿತು. ಹೆಂಡತಿ ನೋಡಿದಳೇ? ಇಲ್ಲ, ಕೋಟಿನ ಅಂಚು ಮಡಿಸುತ್ತಿದ್ದಳು. ಅವನು ಕೈ ಕೆಳಗಿಳಿಸಿದ.

ಅವನ ಪಾಡು ಯಾರಿಗೂ ಬೇಡ. ಸ್ಟುಡಿಯೋದವನು ಗೆದ್ದರೆ ಸಂಸಾರ ಉಳಿಯುತ್ತಿತ್ತು, ಆದರೆ ಅವನ ಒಂದೊಂದು ಮಾತೂ ಕೆಂಡದಂತೆ ಸುಡುತ್ತಿತ್ತು. ಜೀವ ಕೈಯಲ್ಲಿ ಹಿಡಿದು ಹಾರಿದ್ದನ್ನು ಕಂಪ್ಯೂಟರಿನ ಹೆಸರಿಗೆ ಬರೆಯುತ್ತಿದ್ದಾನಲ್ಲ ಈ ಬೊಕ್ಕ ತಲೆ ಮುಚ್ಚುವವನು! ಡ್ರೈವರನನ್ನು ಅಪ್ಪಿಕೊಳ್ಳಬೇಕು ಎನಿಸಿತು. ಹಾಗೆಯೇ ಅವನ ಬಾಯಿ ಮುಚ್ಚಿಸಬೇಕು ಎಂದೂ ಎನಿಸಿತು.

ಡ್ರೈವರ್ ಇವನ ಕಡೆ ತಿರುಗಿದ. "ಬೆಕ್ಕಣ್ಣ, ನೀವೇ ಹೇಳಿಬಿಡಿ. ಇಡೀ ಬೀದಿಗೆ ಇದು ಗೊತ್ತಿರೋದು ನಿಮಗೊಬ್ಬರಿಗೇ."

ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೇ ನಿಂತುಬಿಟ್ಟಿತ್ತು. ಹೆಂಡತಿ ತಲೆ ಎತ್ತಿದಳು, ಪೆಟ್ಟಿಗೆ ಎತ್ತುವಂತೆ ಕಣ್ಣಲ್ಲೇ ತೋರಿಸಿದಳು. ಅವನು ಎತ್ತಿದ.

"ಕಂಪ್ಯೂಟರೇ," ಎಂದ. "ಈಗ ಯಾರು ಹಾರ್ತಾರೆ?"

ಹೇಳಿದ ಮೇಲೆ ಬಾಯೆಲ್ಲ ಕಹಿಯಾಯಿತು. ಡ್ರೈವರನ ಮುಖ ಇಳಿದುಹೋಯಿತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು, ಆದರೆ ಗೆದ್ದವನಿಗೆ ಗೆದ್ದದ್ದು ಸಾಲದು. ಸ್ಟುಡಿಯೋದವನು ಫೋನಿನಲ್ಲಿ ಚಿತ್ರದ ಟ್ರೇಲರ್ ಹಾಕಿ, ಹಾರುವವನು ಎರಡೂ ಕೈ ಎತ್ತಿದ ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿದ. ಇನ್ನೊಂದು ಪುರಾವೆ ಇದೆ ಎಂದ. ಕೋಟು ಬೂದು ಬಣ್ಣದ್ದು, ಕಂಕುಳ ಕೆಳಗೆ ಮಾತ್ರ ಒಂದು ಕಪ್ಪು ಚೌಕ. ಕಂಪ್ಯೂಟರಿನವರು ಬಣ್ಣ ತುಂಬಲು ಮರೆತು ಬಿಟ್ಟ ಕಲೆ ಅದು.

"ಅಕ್ಕ, ನೀವು ಇಷ್ಟು ವರ್ಷದಿಂದ ಹೊಲೀತೀರಿ. ಯಾವ ಕೋಟಿನ ಕಂಕುಳಲ್ಲಾದ್ರೂ ಇಂಥ ಕಲೆ ಇರುತ್ತಾ?"

ಆ ಚೌಕವನ್ನು ಬೆಕ್ಕಣ್ಣ ಕಂಡ ಕೂಡಲೇ ಗುರುತಿಸಿದ. ಅದು ಕಲೆಯಲ್ಲ. ಮಾಮೂಲಿ ಕೋಟು ತೊಟ್ಟು ಎರಡೂ ಕೈ ಎತ್ತಿದರೆ ತೋಳು ಹಿಡಿದು ಎಳೆಯುತ್ತದೆ, ಕೈ ಪೂರ್ತಿ ಮೇಲೆ ಹೋಗುವುದಿಲ್ಲ. ಅವನು ಹಾರುತ್ತಿದ್ದ ಕಾಲದಲ್ಲಿ ಹೆಂಡತಿ ಅದಕ್ಕೊಂದು ಉಪಾಯ ಕಂಡುಹಿಡಿದಿದ್ದಳು. ಕಂಕುಳ ಕೆಳಗೆ ಒಳಪದರದ ಕಪ್ಪು ಲೈನಿಂಗ್ ಬಟ್ಟೆಯ ಒಂದು ಚೌಕ ತುಂಡು, ಅದೂ ಓರೆಯಾಗಿ, ಒಂದು ಮೂಲೆ ಎದೆಯ ಕಡೆ ಬರುವ ಹಾಗೆ. ಹಾಗೆ ಇಡುವವರು ಬೇರೊಬ್ಬರಿಲ್ಲ. ಆರು ದಿನದ ಕೆಲಸಕ್ಕೆ ಹೋದಾಗ ಅವರು ಕೊಟ್ಟ ಕೋಟು ಬಿಗಿಯಾಗಿತ್ತು. ಅಲ್ಲಿನ ಉಡುಪಿನವನ ಪಕ್ಕ ಕೂತು, ನೆನಪಿನ ಅಂದಾಜಿನ ಮೇಲೆ ಕತ್ತರಿಸಿ, ಅಂಥದೇ ಚೌಕ ಇಡಿಸಿದ್ದ. ಅವಳಿಗೆ ಸುಳ್ಳು ಹೇಳಿ ಹೋದವನು ಪ್ರಾಣ ನೆಚ್ಚಿದ್ದು ಮಾತ್ರ ಅವಳ ಕೈಕೆಲಸವನ್ನೇ.

ಅವಳು ಫೋನು ತೆಗೆದುಕೊಂಡಳು. ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಎರಡು ಬೆರಳಲ್ಲಿ ಚಿತ್ರವನ್ನು ಇನ್ನಷ್ಟು ಹಿಗ್ಗಿಸಿದಳು. ಮುಖ ಕಾಣುತ್ತಿರಲಿಲ್ಲ, ಎಂದಿನಂತೆ ಬೆನ್ನು, ಎತ್ತಿದ ತೋಳಿನಡಿಯ ಪಕ್ಕೆ, ಅಷ್ಟೇ. ಎಂಟು ತಿಂಗಳು ಒರೆಸಿದ ಬೆನ್ನು.

"ಇರುತ್ತೆ," ಎಂದಳು ಕಡೆಗೆ. "ಇದು ಕಲೆ ಅಲ್ಲ, ಬಟ್ಟೆ. ಒಳಗೆ ಆಳಿದ್ದಾನೆ."

ಡ್ರೈವರ್ ಸ್ಟುಡಿಯೋದವನ ಬೆನ್ನಿಗೊಂದು ಗುದ್ದಿದ. ಹಾಗಾದರೆ ಯಾರು ಅವನು, ಹೆಸರನ್ನೂ ಹಾಕಿಲ್ಲವಲ್ಲ ಎಂದು ಕೇಳಿದ.

"ಮನೇಲಿ ಹೇಳದೆ ಬಂದವನು ಯಾರೋ," ಎಂದು ಅವಳು ಫೋನು ಹಿಂದಕ್ಕೆ ಕೊಟ್ಟಳು.

ಇಬ್ಬರೂ ನಕ್ಕರು. ಕೋಟು ನಾಡಿದ್ದು ಸಿಗುತ್ತದೆ ಎಂದು ಹೇಳಿಸಿಕೊಂಡು, ಜಗಳವನ್ನು ಬೀದಿಗೆ ಕೊಂಡೊಯ್ದರು. ಅವಳು ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು ಅವನೆದುರು ನಿಂತಳು.

"ಕೈ ಎತ್ತಿ."

ಎಡಗೈ ಎತ್ತಿದ.

"ಆ ಕೈಯಲ್ಲ."

ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅವಳು ಮೊಣಕೈ ಕೆಳಗೆ ಅಂಗೈ ಇಟ್ಟು ಮೆಲ್ಲಗೆ ಮೇಲಕ್ಕೊತ್ತಿದಳು. ಅವನ ಕಣ್ಣಲ್ಲಿ ನೀರು ಬಂತು, ಅವಳು ಬಿಟ್ಟಳು. ಮೂಲೆಯಲ್ಲಿದ್ದ ಕೊಕ್ಕೆ ಕೋಲಿನ ಕಡೆ ಒಮ್ಮೆ ನೋಡಿದಳು.

"ಎಷ್ಟು ಸಲ ಹಾರಿದ್ರಿ?"

"ಮೂರು ಸಲ. ಕೊನೇದ್ರಲ್ಲಿ ಕೈ ತಡ ಆಯ್ತು."

ಯಾಕೆ ಎಂದು ಅವಳು ಕೇಳಲಿಲ್ಲ. ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ ಉತ್ತರಗಳನ್ನು ಬದಿಗಿಟ್ಟು ಅವನೇ ಬಾಯಿಬಿಟ್ಟ.

"ಇಸ್ತ್ರಿ ಮಾಡ್ತಾ ಮಾಡ್ತಾ ನಾನು ಸತ್ತೇ ಹೋಗಿದ್ದೀನೇನೋ ಅನ್ನಿಸ್ತಿತ್ತು. ಅಲ್ಲಿ ಮೇಲೆ ನಿಂತಾಗ ಸೊಂಟ ನೋಯ್ಲಿಲ್ಲ ಕಣೆ. ಕೇಳಿದ್ರೆ ಬೇಡ ಅಂತಿದ್ದೆ ನೀನು."

ಅವಳು ಒಳಗೆ ಹೋದಳು. ಬೀರು ತೆರೆದ ಸದ್ದಾಯಿತು, ಏನನ್ನೋ ಕೆಳಗಿಳಿಸಿದ ಸದ್ದಾಯಿತು. ಬಟ್ಟೆ ಕಟ್ಟುತ್ತಿದ್ದಾಳೆ ಎಂದುಕೊಂಡ ಬೆಕ್ಕಣ್ಣ. ಹೋಗಬೇಡ ಎನ್ನಲು ತನಗೆ ಬಾಯಿ ಎಲ್ಲಿದೆ ಎಂದು ಮೇಜಿನಂಚು ಹಿಡಿದು ನಿಂತ.

ಅವಳ ಕೈಯಲ್ಲಿ ಬಟ್ಟೆಯ ಗಂಟಿರಲಿಲ್ಲ. ಒಂದು ಹಳೆಯ ಕಂದು ಕಾಗದದ ಚೌಕವಿತ್ತು, ಅವನ ಕೋಟುಗಳಿಗೆಂದೇ ಅವಳು ಕತ್ತರಿಸಿಟ್ಟ ಅಚ್ಚು. ಅವನು ಗೋದಾಮಿನಿಂದ ಬಿದ್ದ ಮೇಲೂ ಮೂರು ವರ್ಷ ಎಸೆಯದೆ ಇಟ್ಟುಕೊಂಡಿದ್ದಳು. ಅದನ್ನು ಮೇಜಿನ ಮೇಲಿಟ್ಟು, ಕೊರಳಿನ ಟೇಪನ್ನು ಅದರ ಮೇಲೆ ಚಾಚಿದಳು.

"ಮೂರೂವರೆ ಇಂಚು. ಆ ಕೋಟಲ್ಲಿ ಮೂರೇ ಇಟ್ಟಿದ್ದೀರಿ. ಮೂಲೆ ಎದೆ ಹತ್ರ ಬಂದೇ ಇಲ್ಲ, ನೋಡಿದ ಕೂಡಲೇ ಗೊತ್ತಾಯ್ತು. ಅರ್ಧ ಇಂಚಿಗೆ ಕೈ ನಿಂತುಬಿಟ್ಟಿದೆ ನಿಮಗೆ." ಅವಳ ದನಿ ಒಡೆಯಿತು. "ಬೇಡ ಅಂತಿದ್ದೆ, ನಿಜ. ಕೂಗಾಡ್ತಿದ್ದೆ. ಎಂಟು ದಿನ ಮಾತು ಬಿಡ್ತಿದ್ದೆ. ಆಮೇಲೆ ಕೂತು ಸರಿಯಾಗಿ ಕತ್ತರಿಸಿ ಕೊಡ್ತಿದ್ದೆ."

ಬೆಕ್ಕಣ್ಣನಿಗೆ ಅಳು ತಡೆಯಲಾಗಲಿಲ್ಲ. ಗೋದಾಮಿನಿಂದ ಬಿದ್ದಾಗಲೂ ಅವನು ಅತ್ತಿರಲಿಲ್ಲ. ಅವಳು ಸಮಾಧಾನ ಮಾಡಲು ಹೋಗಲಿಲ್ಲ. ಡ್ರೈವರನ ಕೋಟು ತೆಗೆದು ಕಂಕುಳ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಬಿಚ್ಚತೊಡಗಿದಳು. ಸಿನಿಮಾದಂಥದೇ ಬೇಕು ಎಂದಿದ್ದನಲ್ಲ ಡ್ರೈವರ್.

"ನಾಳೆ ಬೆಳಿಗ್ಗೆ ಮೂಳೆ ಡಾಕ್ಟರ ಹತ್ರ ಹೋಗೋಣ," ಎಂದಳು ತಲೆ ಎತ್ತದೆ. "ಅಕ್ಕನ ಮನೆ ವಿಷಯ ಅಲ್ಲಿಂದ ಬಂದ ಮೇಲೆ ಹೇಳ್ತೀನಿ."

ಆ ಕಾಗದದ ಚೌಕವನ್ನು ಹತ್ತಿರಕ್ಕೆ ಎಳೆದುಕೊಂಡು, ಕಪ್ಪು ಲೈನಿಂಗ್ ಬಟ್ಟೆಯ ಮೇಲೆ ಓರೆಯಾಗಿ ಇಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದಳು. ಬಟ್ಟೆ ಸರಿಯದ ಹಾಗೆ ಅವನು ಎಡಗೈಯಿಂದ ಒಂದು ಮೂಲೆ ಹಿಡಿದುಕೊಂಡ. ಬಿಡಿ ಎಂದು ಅವಳು ಹೇಳಲಿಲ್ಲ.